ಆರು ಮೀಟರ್ ದೂರ

"ಈಗ ಅದೇ ಸಾಲನ್ನು ಬಲಗಡೆಯಿಂದ ಓದಿ" ಎಂದ ಕೂಡಲೇ ಕುರ್ಚಿಯಲ್ಲಿ ಕೂತಿದ್ದ ಲಾರಿ ಡ್ರೈವರನ ಮುಖ ಇಳಿದುಹೋಯಿತು. ಇಷ್ಟು ಹೊತ್ತೂ ನೀರು ಕುಡಿದಂತೆ ಓದಿದ್ದ ಮನುಷ್ಯ. ಎದುರಿನ ಚಾರ್ಟಿನ ಮೇಲಿನ ದಪ್ಪ ಅಕ್ಷರದಿಂದ ಹಿಡಿದು ಕೆಳಗಿನ ಇರುವೆಯಂಥ ಅಕ್ಷರಗಳ ತನಕ ಎಲ್ಲಿಯೂ ಕಣ್ಣು ಕಿರಿದು ಮಾಡಲಿಲ್ಲ, ಕತ್ತು ಮುಂದೆ ಚಾಚಲಿಲ್ಲ, ಒಂದು ಸಲವಾದರೂ 'ತಡೀರಿ' ಅನ್ನಲಿಲ್ಲ. ಅನುಮಾನ ಬಂದದ್ದೇ ಅದಕ್ಕೆ. ಮೂವತ್ತು ವರ್ಷದಿಂದ ಕಣ್ಣಾಸ್ಪತ್ರೆಯ ಈ ಕತ್ತಲು ಕೋಣೆಯಲ್ಲಿ ಜನರಿಗೆ ಅಕ್ಷರ ಓದಿಸುತ್ತ ಬಂದವನಿಗೆ ಇದೊಂದು ಮಾತ್ರ ಖಚಿತವಾಗಿ ಗೊತ್ತಿತ್ತು: ನಿಜವಾಗಿ ಕಾಣುವವರು ತಡವರಿಸುತ್ತಾರೆ. 'ರ... ಅಲ್ಲ, ಠ ಇರಬೇಕು' ಎನ್ನುತ್ತಾರೆ, ತಪ್ಪು ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಗಿಳಿಯ ಹಾಗೆ ಒಪ್ಪಿಸುವವರು ಹೊರಗಿನ ಬೆಂಚಿನಲ್ಲಿ ಕೂತು, ತೆರೆದ ಬಾಗಿಲಿನಿಂದ ತಮಗಿಂತ ಮುಂಚಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದವರು. ಡ್ರೈವರ್ ಉಗುಳು ನುಂಗಿದ. "ಕಾಣಿಸ್ತಿಲ್ಲ ಸಾರ್" ಎಂದ. "ಅಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ? ತಗೊಳ್ಳಿ, ಈಗ ನೋಡಿ" ಎಂದು ಇವನು ಮೂಗಿನ ಮೇಲಿನ ಚೌಕಟ್ಟಿಗೆ ಒಂದು ಗಾಜು ಇಳಿಸಿದ. "ಇದು ಚೆನ್ನಾಗಿದೆಯಾ, ಮುಂಚಿಂದು ಚೆನ್ನಾಗಿತ್ತಾ?" ಇನ್ನೊಂದು ಗಾಜು. "ಈಗ?" ನಾಲ್ಕನೆಯ ಗಾಜಿಗೆ ಡ್ರೈವರ್ ತಡವರಿಸತೊಡಗಿದ, 'ಪ... ಅಲ್ಲ ಸಾರ್, ಷ' ಎಂದ. ಇವನಿಗೆ ಸಮಾಧಾನವಾಯಿತು. ಆದರೆ ಆ 'ಕಾಣಿಸ್ತಿಲ್ಲ' ಅನ್ನುವ ಮಾತು ಮಾತ್ರ ಕಾಲಿಗೆ ಹತ್ತಿದ ಮುಳ್ಳಿನಂತೆ ಉಳಿದುಕೊಂಡಿತು, ಯಾಕೆಂದರೆ ಬೆಳಿಗ್ಗೆ ಮನೆ ಬಿಡುವಾಗ ಅಮ್ಮ ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದಳು: "ನೀನು ಹೇಳಿದ್ರೆ ನಿಮ್ಮಪ್ಪ ಕೇಳ್ತಾರೆ ಕಣೋ. ಮೂರೇ ಮೂರು ಸಾಲು ಪ್ರಾರ್ಥನೆ. ಬಾಯಿ ಬಿಟ್ಟು ಒಂದು ಸಲ ಹೇಳಿಬಿಡ್ಲಿ."

ಅಪ್ಪ ಮುಂದಿನ ಕೋಣೆಯ ಮಂಚದ ಮೇಲೆ ಮಲಗಿ ಐದು ವಾರವಾಗಿತ್ತು. ಹೃದಯ ಸೋತಿದೆ, ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದೇನಿಲ್ಲ, ಮನೆಯಲ್ಲಿ ನಿಮ್ಮವರ ಜೊತೆ ಆರಾಮಾಗಿರಿ ಎಂದು ಕಳಿಸಿದ್ದರು. ಎಂಬತ್ತೊಂದು ವರ್ಷ ದೇವರಿಲ್ಲ, ನನಗಂತೂ ಕಾಣಿಸ್ತಿಲ್ಲ ಎಂದು ನಗುನಗುತ್ತಲೇ ಬಾಳಿದ ಮನುಷ್ಯ. ಅಮ್ಮನ ಜೊತೆ ಒಂದು ದಿನವೂ ಇದಕ್ಕಾಗಿ ಜಗಳವಾಡಿದವನಲ್ಲ. ದಿನಾ ಬೆಳಿಗ್ಗೆ ಅವಳು ಕಿಟಕಿಯ ಹತ್ತಿರ ನಿಂತು ತನ್ನ ಮೂರು ಸಾಲಿನ ಪ್ರಾರ್ಥನೆ ಹೇಳುವಾಗ ರೇಡಿಯೋದ ದನಿ ತಾನೇ ತಗ್ಗಿಸುತ್ತಿದ್ದ. ಅವಳು ದಿನಾ ಎರಡನೆಯ ಸಾಲಿಗೆ ಬಂದಾಗ ತಡೆಯುವುದು, ಒಂದು ಕ್ಷಣ ಏನನ್ನೋ ಹುಡುಕುವವಳಂತೆ ನಿಲ್ಲುವುದು, ಆಮೇಲೆ ಮುಂದುವರಿಯುವುದು, ಬಸ್ ಡ್ರೈವರಾಗಿದ್ದ ಅಪ್ಪ ರೇಡಿಯೋದ ಪಕ್ಕದಿಂದ "ಏನೇ, ಗೇರ್ ಸಿಕ್ಕಿಹಾಕ್ಕೊಂಡ್ತಾ?" ಎನ್ನುವುದು. ದಿನಾ ಹೇಳುವುದು ಅಮ್ಮನಿಗೆ ಇನ್ನೂ ಬಾಯಿಗೆ ಬಂದಿಲ್ಲವೇ ಎಂದು ಇವನಿಗೆ ಚಿಕ್ಕಂದಿನಲ್ಲಿ ನಾಚಿಕೆಯಾಗುತ್ತಿತ್ತು. ಈಗ ಐದು ವಾರದಿಂದ ಅಮ್ಮನ ಹೊಟ್ಟೆಗೆ ಅನ್ನ ಸೇರುತ್ತಿರಲಿಲ್ಲ. ಅಪ್ಪ ಹೋಗುತ್ತಾನೆ ಎಂಬ ಭಯಕ್ಕಿಂತ ಎಲ್ಲಿಗೆ ಹೋಗುತ್ತಾನೆ ಎಂಬ ಭಯ ಅವಳಿಗೆ ದೊಡ್ಡದಾಗಿತ್ತು. "ದೇವರು ನಂಬದವರನ್ನ ಹೊರಗೇ ನಿಲ್ಲಿಸ್ತಾನಂತೆ" ಎಂದಿದ್ದಳು, ಚಪ್ಪಲಿಯ ಮೇಲೆ ಕಣ್ಣಿಟ್ಟು. "ಸುಡೋದು ಬೇಯಿಸೋದು ಅದೆಲ್ಲ ನಾನು ನಂಬಲ್ಲ, ಅಷ್ಟು ಕಟುಕ ಅಲ್ಲ ಅವನು. ಆದ್ರೆ ಹೊರಗೆ ನಿಲ್ಲಿಸಿದ್ರೆ? ನಾಳೆ ನಾನೂ ಹೋಗ್ತೀನಲ್ಲ, ನಾನು ಒಳಗೆ, ಇವರು ಹೊರಗೆ. ಒಳಗೆ ಕೂತ್ಕೊಂಡು ನಾನೇನು ಮಾಡ್ಲಿ, ನೀನೇ ಹೇಳು."

ಇವನು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ. ಹೇಳದೆ ಇರುವುದರಲ್ಲಿ ಇವನು ಪಳಗಿದ ಕೈ. ದೇವರ ವಿಷಯದಲ್ಲಿ ಅಮ್ಮನ ಹತ್ತಿರ ಅಮ್ಮನ ಹಾಗೆ, ಅಪ್ಪನ ಹತ್ತಿರ ಅಪ್ಪನ ಹಾಗೆ ತಲೆಯಾಡಿಸಿಕೊಂಡೇ ನಲವತ್ತೊಂಬತ್ತು ವರ್ಷ ಕಳೆದಿದ್ದ. ಆಸ್ಪತ್ರೆಯಲ್ಲೂ ಅಷ್ಟೆ, ಬಂದವರೆಲ್ಲ 'ಡಾಕ್ಟ್ರೇ' ಎಂದಾಗ ಅಲ್ಲ ಎನ್ನುವುದಿಲ್ಲ, ಹೌದು ಎನ್ನುವುದೂ ಇಲ್ಲ. ನಿಜವಾದ ಡಾಕ್ಟರು ಒಳಗಿನ ಕೋಣೆಯಲ್ಲಿ ಕೂರುವ ಹೆಂಗಸು, ಇವನಿಗಿಂತ ಹದಿನೈದು ವರ್ಷ ಚಿಕ್ಕವರು, ಮೂವತ್ತು ವರ್ಷದಿಂದ ಇಲ್ಲಿರುವ ಇವನ ಹೆಸರನ್ನು ನೆನಪಿಡದೆ "ಚಾರ್ಟಿನವರನ್ನ ಕಳಿಸಿ" ಎಂದು ಬಾಗಿಲಾಚೆಗೆ ಕೂಗುವವರು. ಮೊದಮೊದಲು ಮುಖಕ್ಕೆ ಹೊಡೆದಂತಾಗುತ್ತಿತ್ತು. ಅಪ್ಪನಿಗೆ ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನನ್ನನ್ನ ಹನ್ನೆರಡನೇ ನಂಬರ್ ಅಂತ ಕರೀತಿದ್ರು ಕಣೋ, ಬಸ್ಸಿನ ನಂಬರೇ ನನ್ನ ಹೆಸರು. ನಿಂದು ಎಷ್ಟೋ ವಾಸಿ" ಎಂದು, ಅವತ್ತಿನಿಂದ ಮಗನನ್ನು ಬೇಕೆಂದೇ ಗಟ್ಟಿಯಾಗಿ 'ಡಾಕ್ಟ್ರೇ' ಎಂದು ಕರೆಯತೊಡಗಿದ. ತಮಾಷೆಯೇ, ಆದರೆ ಅದರಲ್ಲಿ ಗಾಯಕ್ಕೆ ಮುಲಾಮು ಸವರುವಂಥದ್ದೇನೋ ಇತ್ತು.

ಗಾಜುಗಳನ್ನು ಮೆತ್ತನೆಯ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಪೆಟ್ಟಿಗೆಯ ಗೂಡುಗಳಿಗೆ ಸೇರಿಸುವಾಗ ಅಡುಗೆಮನೆಯ ಗೋಡೆ ಕಣ್ಣಮುಂದೆ ಬಂತು. ಈ ಕೆಲಸ ಕಲಿಯುತ್ತಿದ್ದ ದಿನಗಳು, ಇವನಿಗೆ ಹತ್ತೊಂಬತ್ತು. ಅಭ್ಯಾಸಕ್ಕೆಂದು ಒಂದು ಚಾರ್ಟನ್ನು ತಂದು ಒಲೆಯ ಪಕ್ಕದ ಗೋಡೆಗೆ ತೂಗುಹಾಕಿದ್ದ. ಆಗ ಎಲ್ಲ ಕಡೆಯೂ ಅದೊಂದೇ ಚಾರ್ಟು. ಅಪ್ಪ ಬಸ್ಸಿನ ಕೆಲಸ ಮುಗಿಸಿ ಬಂದು ಅದರ ಎದುರಿಗೇ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ. ಮೊದಲು ದೂರದಲ್ಲಿ ಕೂರುತ್ತಿದ್ದವನು ಯಾಕೋ ಗೋಡೆಯ ಬುಡಕ್ಕೇ ಕೂರತೊಡಗಿದ. ತುತ್ತು ಬಾಯಿಗಿಡುತ್ತ ತುಟಿ ಅಲ್ಲಾಡಿಸುತ್ತಿದ್ದ. ಆಮೇಲೆ ಒಂದು ದಿನ ಡ್ರೈವರುಗಳ ಕಣ್ಣು ಪರೀಕ್ಷೆಯಾಯಿತು, ಅಪ್ಪ ಪಾಸಾಗಿ ಬಂದ. ಇವನಿಗೆ ಅರ್ಥವಾಯಿತು. ಅದು ಗಾಜಿನಿಂದ ಸರಿಹೋಗುವ ದೋಷವಲ್ಲ, ಕಣ್ಣಿನ ಹಿಂದಿನ ಪರದೆ ನಡುವಿನಿಂದ ಸವೆಯುತ್ತ ಬಂದಿತ್ತು. ಅಂಚು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಬ್ಬು. ಅಂಥವನು ಐವತ್ತು ಜನರನ್ನು ಕೂರಿಸಿಕೊಂಡು ಊರೆಲ್ಲ ತಿರುಗುತ್ತಾನೆ. ಹೇಳಬೇಕಿತ್ತು. ಯಾರಿಗೆ? ಡಿಪೋದ ಮ್ಯಾನೇಜರಿಗೆ ಹೇಳಿದರೆ ಅಪ್ಪನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ, ಹೇಳದಿದ್ದರೆ ಯಾರದೋ ಮಗು ರಸ್ತೆ ದಾಟುತ್ತಿರುತ್ತದೆ. ದಿನಾ ಸಂಜೆ ಬಾಗಿಲ ಬಳಿ ಅಪ್ಪನ ಕೆಮ್ಮು ಕೇಳುವ ತನಕ ಬೀದಿಯ ಕಡೆಗೇ ಕಿವಿಯಿಟ್ಟಿರುತ್ತಿದ್ದ. ಆದರೂ ಬಾಯಿ ಬಿಡಲಿಲ್ಲ. ಹನ್ನೊಂದು ದಿನ. ಹನ್ನೆರಡನೆಯ ಬೆಳಿಗ್ಗೆ ಅಪ್ಪ ಬಸ್ಸನ್ನು ಡಿಪೋದ ಗೇಟಿನ ತನಕ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಮ್ಯಾನೇಜರನ ಮೇಜಿನ ಮೇಲೆ ಕೀ ಇಟ್ಟು, "ನನಗೆ ಕಾಣಿಸ್ತಿಲ್ಲ ಸಾರ್. ಬಾಯಿಪಾಠ ಮಾಡಿ ಹೇಳಿದ್ದೆ" ಎಂದನಂತೆ. ನಿವೃತ್ತಿಯ ತನಕ ಅವನನ್ನು ಡಿಪೋದ ಕಿಟಕಿಯಲ್ಲಿ ಕೀ ಕೊಡುವುದಕ್ಕೆ ಕೂರಿಸಿದರು. ತಾನು ಕ್ಲಚ್ಚು ಬ್ರೇಕು ಹೇಳಿಕೊಟ್ಟ ಹುಡುಗರೇ ಕಿಟಕಿಯಲ್ಲಿ ಕೈ ತೂರಿಸಿ ಕೀ ಇಸಿದುಕೊಂಡು ಹೋಗುತ್ತಿದ್ದರು. ಆ ಮನುಷ್ಯ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಇವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಮ್ಮ ಇರಲಿಲ್ಲ, ಔಷಧದ ಅಂಗಡಿಗೆ ಹೋಗಿದ್ದಳು. ಎರಡೇ ಬೀದಿ ದಾಟಿದರೆ ಮನೆ, ಆದರೂ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. 'ಅಪ್ಪ, ಅಮ್ಮನ ಸಮಾಧಾನಕ್ಕೆ' ಎಂದು ಶುರು ಮಾಡುವುದೋ, 'ಅಪ್ಪ, ನೀನು ತಪ್ಪು ತಿಳ್ಕೊಬೇಡ' ಎಂದೋ. ಶುರು ಮಾಡುವ ಕಷ್ಟವನ್ನು ಅಪ್ಪನೇ ತಪ್ಪಿಸಿದ. "ಬಾಗಿಲು ಹಾಕು ಡಾಕ್ಟ್ರೇ. ಬೆಳಿಗ್ಗೆ ಅವಳು ನಿನಗೆ ಹೇಳಿದ್ದು ಕೇಳಿಸ್ತು. ಬಾ ಇಲ್ಲಿ" ಎಂದು ದಿಂಬಿನ ಕೆಳಗಿನಿಂದ ಅಮ್ಮನ ಪುಟ್ಟ ಪ್ರಾರ್ಥನೆ ಪುಸ್ತಕವನ್ನು ಎಳೆದ. ಅಂಚುಗಳು ಎಣ್ಣೆಗೈ ಹತ್ತಿ ಹಳದಿಯಾಗಿದ್ದವು. "ಅವಳು ಹೇಳೋದು ಯಾವ ಪುಟದಲ್ಲಿದೆ ನೋಡು. ಓದು, ನಾನು ಹಿಂದೆ ಹಿಂದೆ ಹೇಳ್ತೀನಿ."

"ದಿನಾ ಕೇಳ್ತಿದ್ದೀಯಲ್ಲಪ್ಪ, ಐವತ್ತು ವರ್ಷದಿಂದ."

"ಕೇಳೋದು ಬೇರೆ, ಕಿವಿಗೆ ಹಾಕ್ಕೊಳ್ಳೋದು ಬೇರೆ. ಅವಳ ದನಿ ಕೇಳ್ತಿದ್ದೆ, ಮಾತು ಯಾರು ಕೇಳ್ತಿದ್ರು? ಓದು ಓದು, ಬಂದುಬಿಡ್ತಾಳೆ."

ಹೇಳಿಸಬೇಕೆಂದು ಬಂದವನಿಗೆ ಈಗ ಓದಲು ನಾಲಿಗೆ ಏಳಲಿಲ್ಲ. ಪುಟ ತೆರೆದು ಕೂತ. "ನೀನು ಇದ್ದೀಯೆಂದು ನಂಬುತ್ತೇನೆ" ಎಂದು ಓದಿದ. ಅಪ್ಪ ಹೇಳಿದ. "ನನ್ನ ತಪ್ಪುಗಳನ್ನೆಲ್ಲ ನೀನು ಬಲ್ಲೆ." ಅಪ್ಪ ಹೇಳಿದ. "ಬಾಗಿಲು ತೆರೆದಾಗ ನನ್ನನ್ನೂ ಒಳಗೆ ಕರೆದುಕೋ." ಅಪ್ಪ ಅದನ್ನೂ ಹೇಳಿ, "ಬಾಗಿಲು ತೆರೆಯೋದು ಕಂಡಕ್ಟರ್ ಕೆಲಸ" ಎಂದು ನಕ್ಕು ಕೆಮ್ಮಿದ. ಎರಡನೆಯ ಸಲಕ್ಕೆ ಅರ್ಧ ಬಂತು, ನಾಲ್ಕನೆಯ ಸಲಕ್ಕೆ ಪೂರ್ತಿ. ಬೆನ್ನಿಗೆ ಕೈ ಕೊಟ್ಟು ನೀರು ಕುಡಿಸಿದ. ಎಂಥ ಬುದ್ಧಿವಂತ ಮಗ! ಮೂವತ್ತು ವರ್ಷದ ಹಿಂದೆ ಗೋಡೆಗೆ ಚಾರ್ಟು ತೂಗುಹಾಕಿದ, ಈವತ್ತು ಪಕ್ಕದಲ್ಲೇ ಕೂತು ಪಾಠ ಹೇಳಿಕೊಡುತ್ತಿದ್ದಾನೆ.

"ಅಪ್ಪ, ಒಂದು ಕೇಳ್ಲಾ? ಅವನು ನಿಜವಾಗ್ಲೂ ಇದ್ದುಬಿಟ್ರೆ?"

"ಇರ್ಲಿ ಬಿಡೋ, ನನಗೇನು ಹೊಟ್ಟೆಕಿಚ್ಚೇ? ಇದ್ದು, ನಿಮ್ಮಮ್ಮ ಹೇಳೋ ಹಾಗೆ ನ್ಯಾಯವಂತನೂ ಆಗಿದ್ರೆ, ಕಾಣಿಸ್ತಿಲ್ಲ ಅಂದವನಿಗೆ ಯಾಕೆ ಹೊಡೀತಾನೆ? ನೀನು ಹೊಡೀತೀಯಾ?"

"ಇಲ್ಲ."

"ಮತ್ತೆ? ಅವನು ನಿನಗಿಂತ ಕಡೆನಾ?"

"ಆದ್ರೆ ಕಾಣಿಸ್ತು ಅಂತ ಸುಳ್ಳು ಹೇಳಿದ್ರೆ?" ಎಂದ ಇವನು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು. ಅಪ್ಪ ಕಿಟಕಿಯ ಕಡೆ ತಿರುಗಿದ. ಅವನು ಯಾವುದನ್ನಾದರೂ ನೋಡಬೇಕಾದರೆ ಅದರ ಪಕ್ಕಕ್ಕೆ ನೋಡಬೇಕು, ಆಗ ಅಂಚಿನಲ್ಲಿ ಒಂದಿಷ್ಟು ಸಿಗುತ್ತದೆ. ಹಾಗಾಗಿ ಕಿಟಕಿಯ ಕಡೆ ತಿರುಗಿದನೆಂದರೆ ಮಗನನ್ನು ನೋಡುತ್ತಿದ್ದಾನೆಂದೇ ಅರ್ಥ.

"ಅದಕ್ಕೆ ಹೊಡೆದ್ರೂ ಹೊಡೀಬಹುದು" ಎಂದ. "ಹೊಡೀಲಿ ಬಿಡು. ನಿಮ್ಮಮ್ಮನಿಗೋಸ್ಕರ ಒಂದೇಟು ತಿಂತೀನಿ."

ಮಧ್ಯಾಹ್ನದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಬ್ಬ ಹೆಂಗಸಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಬರೆದುಬಿಟ್ಟ. ಒಳಗಿನಿಂದ ಚೀಟಿ ವಾಪಸು ಬಂತು, ಜೊತೆಗೆ ಎಲ್ಲರಿಗೂ ಕೇಳುವ ಹಾಗೆ, "ಚಾರ್ಟಿನವರಿಗೇ ಒಂದು ಸಲ ಕಣ್ಣು ಟೆಸ್ಟ್ ಮಾಡ್ಸಿ" ಎನ್ನುವ ಮಾತು. ಬೆಂಚಿನಲ್ಲಿದ್ದವರು ಕಿಸಕ್ಕೆಂದರು. ಬೇರೆ ದಿನವಾಗಿದ್ದರೆ ಕಿವಿ ಬಿಸಿಯಾಗುತ್ತಿತ್ತು. ಈವತ್ತು ಅವನ ತಲೆಯಲ್ಲಿ ಇನ್ನೇನೋ ಕೊರೆಯುತ್ತಿತ್ತು. ಅಮ್ಮ ನಲವತ್ತು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಕಾಜ ಹೊಲಿದವಳು. ಗುಂಡಿ ತೂರುವ ಆ ಚಿಕ್ಕ ಸೀಳಿನ ಸುತ್ತ ಒಂದು ಎಳೆ ಹೆಚ್ಚಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಅಂಥವಳಿಗೆ ಕೊನೆಗಾಲದಲ್ಲಿ ಒಂದು ಸುಳ್ಳನ್ನು ಗಂಡನೂ ಮಗನೂ ಸೇರಿ ಉಡುಗೊರೆ ಕೊಡುತ್ತಿದ್ದಾರೆ. ಕೊಡದಿದ್ದರೆ? ಅವಳು ಉಳಿದ ದಿನವೆಲ್ಲ ಆ ಬಾಗಿಲಿನ ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟುಕೊಂಡು ನಿಂತಿರಬೇಕು. ಹೇಳಲಿ, ಅಪ್ಪ ಹೇಳಿಬಿಡಲಿ, ಅವಳು ರಾತ್ರಿ ಎರಡು ತುತ್ತು ಉಣ್ಣಲಿ ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಡಿಪೋದ ಗೇಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಸದ್ದನ್ನು ಕೇಳುತ್ತ ಕೂತಿತ್ತು. ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿ, ಅದನ್ನೂ ತಾನೇ ವಾಪಸು ಕೊಟ್ಟು ಬಂದವನು, ಹೋಗುವ ಹೊತ್ತಿಗೆ ಇನ್ನೊಂದನ್ನು ಕಟ್ಟಿಕೊಂಡು ಹೋಗಬೇಕೆ?

ಸಂಜೆ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಓರೆ ಬಿಸಿಲು ಬಿದ್ದಿತ್ತು. ಅಮ್ಮ ಮಂಚದಿಂದ ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗಿಸಿದ ಸ್ಟೂಲಿನ ಮೇಲೆ ಕೂತು ದಿಂಬಿನ ಚೀಲದ ಬಿಚ್ಚಿದ ಅಂಚನ್ನು ಹೊಲಿಯುತ್ತಿದ್ದಳು. ಇವನು ಒಳಗೆ ಬಂದದ್ದೇ, ಸಾಕ್ಷಿಗೆ ಜನ ಸಿಕ್ಕಿತೆನ್ನುವಂತೆ ಅಪ್ಪ ಗಂಟಲು ಸರಿಮಾಡಿಕೊಂಡ. "ಏನೇ, ಸೂಜಿ ಕೆಳಗಿಡು. ನಿಂದು ಮೂರು ಸಾಲು ಹೇಳ್ತೀನಿ, ಕೇಳು." ಅಮ್ಮನ ಕೈ ನಿಂತಿತು. ಅವಳು ಮಗನ ಕಡೆ ನೋಡಿದ ನೋಟದಲ್ಲಿ ಎಷ್ಟು ಕೃತಜ್ಞತೆ ಇತ್ತೆಂದರೆ ಇವನು ತಲೆ ತಗ್ಗಿಸಿ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಅಪ್ಪ ಕಣ್ಣು ಮುಚ್ಚಿ ಹೇಳಿದ. "ನೀನು ಇದ್ದೀಯೆಂದು ನಂಬುತ್ತೇನೆ. ನನ್ನ ತಪ್ಪುಗಳನ್ನೆಲ್ಲ ನೀನು ಬಲ್ಲೆ. ಬಾಗಿಲು ತೆರೆದಾಗ ನನ್ನನ್ನೂ ಒಳಗೆ ಕರೆದುಕೋ." ನೀರು ಕುಡಿದಂತೆ. ಒಂದು ಕಡೆಯೂ ಉಸಿರು ಕಟ್ಟಲಿಲ್ಲ, ಎರಡನೆಯ ಸಾಲಿನಲ್ಲಿ ಕೂಡ. ಅಮ್ಮ ಯಾಕೆ ದಿನಾ ಅಲ್ಲಿ ನಿಲ್ಲುತ್ತಾಳೆಂದು ಇವನಿಗೆ ಆ ಕ್ಷಣದಲ್ಲಿ, ಇಷ್ಟು ವರ್ಷದ ಮೇಲೆ, ಗೊತ್ತಾಯಿತು. ಅವಳಿಗೆ ಅಲ್ಲಿ ಏನೋ ಕಾಣುತ್ತದೆ. ಮಬ್ಬಾಗಿಯಾದರೂ ಕಾಣುತ್ತದೆ, ಅದಕ್ಕೇ ತಡವರಿಸುತ್ತಾಳೆ. ಅವಳ ಮರೆವಿಗೆ ನಾಚಿಕೊಂಡ ಚಿಕ್ಕ ಹುಡುಗನ ಕೆನ್ನೆಗೆ ಈಗ ಎರಡು ಬಾರಿಸಬೇಕೆನಿಸಿತು.

ಅಮ್ಮ ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ಬಿಡಿಸಿದಳು. ಆಮೇಲೆ, "ಎಷ್ಟು ಚೆನ್ನಾಗಿ ಹೇಳಿದ್ರಿ" ಎಂದಳು. "ಒಂದು ಕಡೆನೂ ನಿಲ್ಲಿಸಲಿಲ್ಲ." ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು, ಆದರೆ ಹೊಲಿಯಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅಪ್ಪ ಹೊದಿಕೆಯ ಅಂಚನ್ನು ಎಡಗೈಯಿಂದ ಎಳೆದು ಬಿಡುವುದು, ಎಳೆದು ಬಿಡುವುದು ಮಾಡುತ್ತಿದ್ದ. ಮಗನಿಗೆ ಆ ಎಡಗೈ ಗೊತ್ತು, ಹ್ಯಾಂಡ್‌ಬ್ರೇಕ್ ಎಳೆಯುವ ಕೈ.

"ಕಾಣಿಸ್ತಿಲ್ಲ ಕಣೇ" ಎಂದ ಅಪ್ಪ. "ಬಾಯಿಪಾಠ ಮಾಡಿ ಹೇಳಿದೆ. ಇವನ ಕೈಲಿ ಓದಿಸ್ಕೊಂಡೆ, ಇವನನ್ನ ಬೈಬೇಡ. ಅವತ್ತು ಹನ್ನೊಂದು ದಿನ ತಡ್ಕೊಂಡಿದ್ದೆ, ಈವತ್ತು ಹನ್ನೊಂದು ನಿಮಿಷನೂ ಆಗ್ಲಿಲ್ಲ. ವಯಸ್ಸಾಯ್ತು ನೋಡು."

"ಗೊತ್ತು" ಎಂದಳು ಅಮ್ಮ.

"ಏನು ಗೊತ್ತು?"

"ಅವತ್ತಿಂದೂ ಗೊತ್ತು, ಈವತ್ತಿಂದೂ ಗೊತ್ತು. ಗೋಡೆ ಮುಂದೆ ಕೂತು ತುತ್ತಿಗೊಂದು ಅಕ್ಷರ ನುಂಗ್ತಿದ್ರಿ, ಬಡಿಸ್ತಿದ್ದವಳು ನಾನಲ್ವಾ? ನನ್ನ ಕಣ್ಣಿಗೇನಾಗಿತ್ತು?" ದಿಂಬಿನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಆ ಹನ್ನೊಂದು ದಿನ ನಾನು ದೇವರ ಹತ್ತಿರ ಬೇಡ್ಕೊಂಡಿದ್ದು ಇಷ್ಟೇ, ಇವರೇ ಹೋಗಿ ಹೇಳೋ ಹಾಗೆ ಮಾಡು ಅಂತ. ಈವತ್ತು ನೋಡಿದ್ರೆ ನಾನೇ ನಿಮ್ಮ ಕೈಲಿ..." ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು, ಇದ್ದಕ್ಕಿದ್ದಂತೆ ಮಗನ ಕಡೆ ತಿರುಗಿ, ತಪ್ಪೆಲ್ಲ ಅವನದೇ ಎನ್ನುವ ಗತ್ತಿನಲ್ಲಿ ಕೇಳಿದಳು: "ನಿನ್ನ ಹತ್ತಿರ ಬಂದವರು ಕಾಣಿಸ್ತಿಲ್ಲ ಅಂದ್ರೆ ನೀನು ಏನು ಮಾಡ್ತೀಯೋ?"

"ಗಾಜು ಬದಲಾಯಿಸ್ತೀನಿ. ಈಗ ಅಂತ ಕೇಳ್ತೀನಿ."

"ಗಾಜಿಗೂ ಆಗಲ್ಲ ಅಂದ್ರೆ? ಇವರ ಥರದವರು?"

ಅವನು ಯೋಚಿಸಲಿಲ್ಲ. ಮೂವತ್ತು ವರ್ಷ ಕೈಯೇ ಮಾಡಿಕೊಂಡು ಬಂದ ಕೆಲಸ, ಬಾಯಿಗೆ ಹೊಸದು ಅಷ್ಟೆ. "ಆಗ ದೂರ ಕಮ್ಮಿ ಮಾಡ್ತೀವಿ ಅಮ್ಮ. ಆರು ಮೀಟರಲ್ಲಿ ಕೂರಿಸಿರ್ತೀವಲ್ಲ, ಚಾರ್ಟು ತಗೊಂಡು ಮೂರು ಮೀಟರಿಗೆ ಹೋಗ್ತೀವಿ. ಆಗ್ಲಿಲ್ಲ ಅಂದ್ರೆ ಒಂದಕ್ಕೆ. ಅದೂ ಕಾಣ್ಲಿಲ್ಲ ಅಂದ್ರೆ ಚಾರ್ಟು ಬಿಟ್ಟು ಮುಖದ ಮುಂದೆ ಬೆರಳು ಹಿಡೀತೀವಿ, ಎಷ್ಟು ಹೇಳಿ ಅಂತ. ಅದೂ ಇಲ್ಲ ಅಂದ್ರೆ ಕೈ ಆಡಿಸ್ತೀವಿ. ಕೊನೆಗೆ ಒಂದು ಬೆಳಕು ಹಿಡಿದು, ಯಾವ ಕಡೆಯಿಂದ ಬರ್ತಿದೆ ಅಂತಾದ್ರೂ ಕೇಳ್ತೀವಿ."

"ಅಂದ್ರೆ, ನೀವೇ ಎದ್ದು ಹತ್ತಿರ ಹೋಗ್ತೀರಾ?"

"ಹೌದು. ಅವರಿಗೆ ಕಾಣಲ್ವಲ್ಲ, ಅವರೆಲ್ಲಿ ಬರ್ತಾರೆ? ನಾವೇ ಹೋಗ್ಬೇಕು."

"ಬೈದು ಹೊರಗೆ ನಿಲ್ಲಿಸಲ್ವಾ?"

"ನಿಲ್ಲಿಸಿದ್ರೆ ನನ್ನ ಕೆಲಸ ಹೋಗುತ್ತಮ್ಮ."

ಅಪ್ಪ ಮಂಚದ ಮೇಲೆ ಸದ್ದಿಲ್ಲದೆ ನಗುತ್ತಿದ್ದ, ಹೊದಿಕೆ ಅಲುಗುತ್ತಿತ್ತು. ಅಮ್ಮ ನಗಲಿಲ್ಲ. ಮಗ ಹೇಳಿದ್ದನ್ನು, ಕೈಗೆ ಬಂದ ಶರ್ಟಿನ ಕಾಜವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ಎಳೆ ಎಳೆಯಾಗಿ ನೋಡುತ್ತಿದ್ದಳು. ಎಲ್ಲಿಯಾದರೂ ಬಿಟ್ಟುಹೋಗಿದ್ದರೆ ಅವಳಿಗೆ ಸಿಗದೆ ಇರುವುದಿಲ್ಲ. ಆಮೇಲೆ ಸೂಜಿಯನ್ನು ದಿಂಬಿನ ಚೀಲಕ್ಕೆ ಚುಚ್ಚಿ ಪಕ್ಕಕ್ಕಿಟ್ಟಳು. ಎದ್ದಳು. ಸ್ಟೂಲನ್ನು ಗೋಡೆಯಿಂದ ಬಿಡಿಸಿ, ನೆಲದ ಮೇಲೆ ಕಿರ್ರೆನ್ನಿಸುತ್ತ, ಮಂಚಕ್ಕೆ ಮೊಣಕಾಲು ತಾಗುವಷ್ಟು ಹತ್ತಿರ ಎಳೆದು ಕೂತಳು. ಬಲಗೈಯನ್ನು ಅಪ್ಪನ ಮುಖದ ಮುಂದೆ ಹಿಡಿದಳು. ಕಾಜ ಹೊಲಿದು ಹೊಲಿದು ತುದಿ ಗಟ್ಟಿಯಾದ ಬೆರಳುಗಳು, ಎರಡನ್ನು ಮಡಿಸಿ ಮೂರನ್ನು ನೆಟ್ಟಗೆ ನಿಲ್ಲಿಸಿದ್ದಳು.

"ಎಷ್ಟು ಬೆರಳು, ಹೇಳಿ."

ಅಪ್ಪ ಮುಖವನ್ನು ಸ್ವಲ್ಪ ಆಚೆ ತಿರುಗಿಸಿದ, ಅಂಚಿನಿಂದ ನೋಡುವುದಕ್ಕೆ. ಕಣ್ಣು ಕಿರಿದು ಮಾಡಿದ, ಕತ್ತು ಮುಂದೆ ಚಾಚಿದ. "ಎರಡು... ಅಲ್ಲ, ತಡಿ" ಎಂದ. ಅಪ್ಪ ಇನ್ನೂ ಒಂದಿಷ್ಟು ನೋಡಿ, ಸೋತು, ತಲೆಯನ್ನು ದಿಂಬಿಗೆ ಇಳಿಸಿದ.

"ಲೆಕ್ಕ ಸಿಗ್ತಿಲ್ಲ ಕಣೇ" ಎಂದ. "ಆದ್ರೆ ಕೈ ನಿಂದು."

ಅಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಅಷ್ಟು ಸಾಕು" ಎಂದಳು, ಮಗನಿಗೋ, ಗಂಡನಿಗೋ, ಕಿಟಕಿಯ ಆಚೆಗೋ. ಆಮೇಲೆ ಆ ಮೂರು ಬೆರಳಿನಿಂದಲೇ ಅಪ್ಪನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸವರಿ, "ಏನೋ ನಿಂತ್ಕೊಂಡಿದ್ದೀಯ, ತಟ್ಟೆ ಹಾಕು, ನನಗೆ ಹಸಿವಾಗಿದೆ" ಎಂದಳು.